ಹಿತ್ತಲ ನಳಕ್ಕೊಂದು ಮಂಕಿ ಕ್ಯಾಪು

ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ನಳ ಇತ್ತು. ನಳ ಅಂದರೆ ನಲ್ಲಿ. ಬೆಂಗಳೂರಿನವನಾದ ನನ್ನ ಗಂಡ ನಲ್ಲಿ ಅನ್ನುತ್ತಾನೆ, ಗದಗ ಸೀಮೆಯವಳಾದ ನಾನು ನಳ ಅನ್ನುತ್ತೇನೆ, ಮದುವೆಯಾಗಿ ಇಷ್ಟು ವರ್ಷವಾದರೂ ಇಬ್ಬರೂ ಜಗ್ಗಿಲ್ಲ. ಅಡುಗೆಮನೆಯ ಹಿಂದೆ ವಾಷಿಂಗ್ ಮಷೀನ್ ಇಡಲೆಂದು ಹಿಂದಿನ ಮಾಲೀಕರು ಒಂದು ಚಿಕ್ಕ ಕೋಣೆ ಕಟ್ಟಿಸಿದ್ದರು. ಪ್ಲಾಸ್ಟಿಕ್ ಸೂರು, ಒಂದೇ ಇಟ್ಟಿಗೆ ದಪ್ಪದ ಗೋಡೆ, ಹೀಟಿಂಗ್ ಇಲ್ಲ. ಆ ಕೋಣೆಯೊಳಗಿನಿಂದ ಪೈಪು ಗೋಡೆ ತೂರಿ ಹೊರಗೆ ಬಂದು ಈ ಹಿತ್ತಾಳೆ ನಳವಾಗಿತ್ತು. ಅವರು ಅದನ್ನು ಗುಲಾಬಿ ಗಿಡಕ್ಕೆಂದು ಇಟ್ಟುಕೊಂಡಿದ್ದರು. ನಮಗೆ ಬೋಗುಣಿ ತೊಳೆಯಲು ಬೇಕಾಯಿತು. ಕನ್ನಡ ಬಳಗದ ಹಬ್ಬದೂಟದ ಬೋಗುಣಿಗಳು ಯಾವ ಇಂಗ್ಲಿಷ್ ಸಿಂಕಿನಲ್ಲೂ ಹಿಡಿಯುವುದಿಲ್ಲ. ಅವನ್ನು ತೊಳೆಯಬೇಕಾದರೆ ಸೆರಗು ಸಿಕ್ಕಿಸಿ ಹಿತ್ತಲಿಗೇ ಇಳಿಯಬೇಕು.

ಚಳಿಗಾಲದಲ್ಲಿ ಇಂಥ ನಳವನ್ನು ಕಾಪಾಡಿಕೊಳ್ಳಬೇಕು, ಇಲ್ಲವಾದರೆ ಒಳಗಿನ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಮೊದಲ ಎರಡು ಚಳಿಗಾಲ ಅದೃಷ್ಟದ ಮೇಲೆ ದಾಟಿದವು. ಮೂರನೆಯ ಚಳಿಗಾಲಕ್ಕೆ ನಮ್ಮಪ್ಪ ಬಂದ. ಹೊಸ ಸಹಸ್ರಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು, ಊರಿಗೆ ಫೋನ್ ಮಾಡಬೇಕಾದರೆ ಇನ್ನೂ ಕಾಲಿಂಗ್ ಕಾರ್ಡ್ ಕೆರೆದು ನಂಬರ್ ನೋಡಿಕೊಳ್ಳುತ್ತಿದ್ದ ಕಾಲ.

ಅಪ್ಪನ ವಿಷಯ ಹೇಳುವ ಮೊದಲು ನನ್ನ ಒಂದು ಸುಳ್ಳಿನ ವಿಷಯ ಹೇಳಿಬಿಡಬೇಕು.

ಅಪ್ಪ ನಮ್ಮ ಊರಿನಲ್ಲಿ ವಾಲ್‌ಮನ್ ಆಗಿದ್ದ. ಓಣಿ ಓಣಿಗೆ ನೀರು ಬಿಡುವ ಕೆಲಸ. ಎದೆಯೆತ್ತರದ ಕಬ್ಬಿಣದ ಕೀಲಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ, ರಸ್ತೆಯ ಗುಂಡಿಯ ಮುಚ್ಚಳ ತೆಗೆದು ಕೀಲಿ ಇಳಿಬಿಟ್ಟು ತಿರುವುತ್ತಿದ್ದ, ಆಗ ಆ ಓಣಿಯ ನಳಗಳೆಲ್ಲ ಕೆಮ್ಮಿ, ಸೀನಿ, ಕೆಂಪು ನೀರು ಉಗುಳಿ ಆಮೇಲೆ ದಾರಿಗೆ ಬರುತ್ತಿದ್ದವು. ಎಂಟು ದಿನಕ್ಕೊಮ್ಮೆ ನೀರು ಕಾಣುವ ಊರು ನಮ್ಮದು. ನಮ್ಮ ಕಡೆ ನೀರು ಬಂತು ಎನ್ನುವುದಿಲ್ಲ, ನಳಾ ಬಂದಾವು ಎನ್ನುತ್ತಾರೆ. ಯಾವಳೋ ಒಬ್ಬಳು ಮೊದಲು ಬಾಗಿಲಿಗೆ ಬಂದು “ನಳಾ ಬಂದಾವು!” ಎಂದು ಕೂಗಿದರೆ ಆ ಕೂಗು ಓಣಿಯ ತುದಿ ಮುಟ್ಟುವ ತನಕ ನಿಲ್ಲುತ್ತಿರಲಿಲ್ಲ. ನಾನು ಮಾತ್ರ ಒಂದು ದಿನವೂ ಕೂಗಲಿಲ್ಲ. ಅರ್ಧ ಊರು ಅಪ್ಪನನ್ನು ಪುಸಲಾಯಿಸುತ್ತಿತ್ತು, ಇನ್ನರ್ಧ ಬಾಯಿಗೆ ಬಂದಂತೆ ಬೈಯುತ್ತಿತ್ತು, ಸಾಲೆಯಲ್ಲಿ ನನ್ನನ್ನು ನೀರು ಬಿಡಾಂವನ ಮಗಳು ಎಂದೇ ಕರೆಯುತ್ತಿದ್ದರು. ಅವರು ಕೂಗುವಾಗ ನಾನು ಹಲ್ಲು ಕಚ್ಚಿಕೊಂಡು ಒಳಗೆ ಕೂತು ಓದುತ್ತಿದ್ದೆ. ಹಾಗೆ ಓದಿಯೇ ಡಾಕ್ಟರ್ ಆದೆ ಎಂದು ಬೇಕಾದರೂ ಹೇಳಬಹುದು.

ಈ ದೇಶಕ್ಕೆ ಬಂದ ಹೊಸದರಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಹಬ್ಬದೂಟದಲ್ಲಿ, ಮೈಸೂರು ಕಡೆಯ ಹಿರಿಯ ಡಾಕ್ಟರೊಬ್ಬರ ಹೆಂಡತಿ ನನ್ನನ್ನು ವಿಚಾರಿಸಿಕೊಂಡರು. ಎಲ್ಲರೂ ಅವರನ್ನು ಮೈಸೂರು ಆಂಟಿ ಎನ್ನುತ್ತಿದ್ದರು. “ನಿಮ್ ತಂದೆ ಏನ್ ಮಾಡ್ತಾರಮ್ಮ?” ಎಂದರು. ನೀರು ಸರಬರಾಜಿನಲ್ಲಿದ್ದಾರೆ ಎಂದೆ. “ಓ, ಇಂಜಿನಿಯರಾ?” ಎಂದರು. ನನ್ನ ಬಾಯಲ್ಲಿ ಜಾಮೂನು ಇತ್ತು. ತಲೆ ಆಡಿಸಿಬಿಟ್ಟೆ. ಅಷ್ಟೇ ನಾನು ಮಾಡಿದ್ದು. ಮಿಕ್ಕಿದ್ದನ್ನು ಆಂಟಿ ಮಾಡಿದರು. ಮುಂದಿನ ಯುಗಾದಿಗೆ ಅಪ್ಪ ಎಕ್ಸಿಕ್ಯುಟಿವ್ ಇಂಜಿನಿಯರ್ ಆದ, ದೀಪಾವಳಿಗೆ ಚೀಫ್ ಇಂಜಿನಿಯರ್ ಆದ. ಇಪ್ಪತ್ತೆಂಟು ವರ್ಷ ಸರ್ವೀಸಿನಲ್ಲಿ ಅವನಿಗೆ ಸಿಗದ ಬಡ್ತಿಗಳನ್ನೆಲ್ಲ ಆಂಟಿ ಎರಡೇ ವರ್ಷದಲ್ಲಿ ಕೊಟ್ಟರು. ನನ್ನ ಗಂಡನಿಗೆ ನಿಜ ಗೊತ್ತಿತ್ತು. “ನೀನೇ ಹೇಳಿದ್ದು, ನೀನೇ ಸರಿಮಾಡ್ಕೊ” ಎಂದು ಕೈತೊಳೆದುಕೊಂಡ.

ಅವ್ವ ನನ್ನ ತಮ್ಮನ ಹೆಂಡತಿಯ ಬಾಣಂತನಕ್ಕೆ ಊರಲ್ಲೇ ನಿಂತಳು, ಅಪ್ಪ ಒಬ್ಬನೇ ಅಕ್ಟೋಬರಿನಲ್ಲಿ ಬಂದಿಳಿದ. ಆರು ತಿಂಗಳಿಗೆಂದು ಬಂದವನು ಮೂರನೇ ವಾರಕ್ಕೇ ವಾಪಸು ಹೋಗುವ ಮಾತು ತೆಗೆದ. “ಇಲ್ಲಿ ನಂದೇನೈತವ್ವಾ ಕೆಲಸ? ಇಪ್ಪತ್ನಾಕು ತಾಸು ನೀರು. ಯಾರಿಗೂ ಯಾರೂ ಬೇಕಾಗಿಲ್ಲ” ಎಂದ. ಬೆಳಿಗ್ಗೆ ಎದ್ದು ಅಡುಗೆಮನೆಯ ನಳ ತಿರುಗಿಸಿ, ನೀರು ಬೀಳುವುದನ್ನು ಒಂದು ಗಳಿಗೆ ನೋಡಿ, ಮತ್ತೆ ಬಂದ್ ಮಾಡುತ್ತಿದ್ದ. ನನಗೆ ಅವನು ಇರಬೇಕಿತ್ತು. ನನ್ನ ಕೈಯಡುಗೆ ತಿಂದು, ನನ್ನ ಮನೆಯಲ್ಲಿ ಕಾಲು ಚಾಚಿ, ಆರು ತಿಂಗಳು ಸುಮ್ಮನೆ ಇರಬೇಕಿತ್ತು. ಅದೇ ಹೊತ್ತಿಗೆ ಅವನು ಯಾರ ಮುಂದೆ ಬಾಯಿ ಬಿಡುತ್ತಾನೋ ಎಂಬ ಹೆದರಿಕೆಯೂ ಇತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಇದ್ದವು, ಸುಳ್ಳು ಯಾಕೆ ಹೇಳಲಿ.

ಆ ವರ್ಷದ ದೀಪಾವಳಿ ಕೂಟಕ್ಕೆ ಅವನನ್ನು ಕರೆದುಕೊಂಡು ಹೋಗದೆ ವಿಧಿಯಿರಲಿಲ್ಲ. ಹಾಲಿನ ಬಾಗಿಲಲ್ಲೇ ಮೈಸೂರು ಆಂಟಿ ಕೈಮುಗಿದು, “ಬನ್ನಿ ಬನ್ನಿ ಇಂಜಿನಿಯರ್ ಸಾಹೇಬ್ರೇ, ಚೀಫ್ ಇಂಜಿನಿಯರ್ ಆಗಿ ರಿಟೈರ್ ಆದ್ರಂತೆ” ಎಂದರು. ಅಪ್ಪ ಆಂಟಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ಒಂದೇ ಸಲ. ತಲೆಯ ಮೇಲಿನ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು “ಹ್ಞೂಂರಿ, ವಾಟರ್ ಸಪ್ಲಾಯದಾಗ ಇದ್ದೆ” ಎಂದ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಅವನು ಬೈಯುತ್ತಾನೆ ಎಂದು ಕಾದೆ. ಅವನು ಬೆಂಕಿ ಆರಿಸುವ ನೀರಿನ ಫೈರ್ ಹೈಡ್ರಂಟಿನ ಒಂದು ಹಳದಿ ಫಲಕ ತೋರಿಸಿ ಅದು ಏನು ಎಂದು ಕೇಳಿದ. ಹೇಳಿದೆ. ಸುಳ್ಳಿನ ವಿಷಯ ಅಲ್ಲಿಗೇ ಉಳಿಯಿತು. ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಚಳಿ ಬಿತ್ತು, ಮತ್ತು ಅಪ್ಪನಿಗೆ ಕೆಲಸ ಸಿಕ್ಕಿತು. ಕೊಟ್ಟವರು ಪಕ್ಕದ ಮನೆಯ ಮುದುಕಪ್ಪ. ಬೀಗ ತಯಾರಿಸುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ಇಂಗ್ಲಿಷರು, ಒಂಟಿ ಜೀವ. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ನಮ್ಮ ಹಿತ್ತಲ ನಳ ನೋಡಿ, ಅದನ್ನು ಹೀಗೆ ಬಿಟ್ಟರೆ ಉಳಿಯುವುದಿಲ್ಲ ಎಂದು ತಲೆ ಅಲ್ಲಾಡಿಸಿ ಒಳಗೇ ಬಂದರು. ಮಷೀನ್ ಕೋಣೆಯ ಗೋಡೆಯಲ್ಲಿ, ಪೈಪು ಹೊರಗೆ ಹೋಗುವ ಮೊದಲು, ಒಂದು ಪುಟ್ಟ ವಾಲ್ವ್ ಇತ್ತು. ಅದನ್ನು ಮೊದಲು ಬಂದ್ ಮಾಡಬೇಕು, ಆಮೇಲೆ ಹೊರಗಿನ ನಳ ತೆರೆದು ಪೈಪಿನಲ್ಲಿ ಉಳಿದ ನೀರನ್ನೆಲ್ಲ ಬಸಿಯಬೇಕು, ಬಸಿದ ಮೇಲೆ ನಳವನ್ನು ಹಾಗೇ ತೆರೆದು ಬಿಡಬೇಕು. ಒಳಗೆ ನೀರೇ ಇಲ್ಲದಿದ್ದರೆ ಹೆಪ್ಪುಗಟ್ಟುವುದಾದರೂ ಏನು? ಕೊನೆಗೆ ನಳಕ್ಕೆ ಬೆಚ್ಚಗೆ ಏನಾದರೂ ಸುತ್ತಬೇಕು.

ಇಷ್ಟನ್ನೂ ಮುದುಕಪ್ಪ ತಮ್ಮ ಊರಿನ ಇಂಗ್ಲಿಷಿನಲ್ಲಿ ಹೇಳಿದರು, ಅದು ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಅವರು ಕೈ ತಿರುವಿ ತೋರಿಸುವ ಮೊದಲೇ ಅವನಿಗೆ ಎಲ್ಲ ತಿಳಿದಿತ್ತು. ಒಂದೇ ಒಂದು ಮಾತಿಗೆ ತಕರಾರು ತೆಗೆದ.

“ನಳ ತೆರದ ಬಿಡೂದಂದ್ರೇನವ್ವಾ? ತೆರದ ನಳ ನೋಡಿದ್ರ ನನ್ನ ಜೀವ ತಡೀತದೇನು?”

“ಅದರಾಗ ನೀರಿಲ್ಲಪ್ಪಾ.”

“ನೀರಿಲ್ಲಂದ್ರೂ.”

ಆ ಗೋಳು ನನಗೆ ಅರ್ಥವಾಗುತ್ತಿತ್ತು. ನಮ್ಮ ಮನೆಯಲ್ಲಿ ನಳ ತೆರೆದಿಟ್ಟರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ನೀವು ಇಲ್ಲಿ ಚೆಲ್ಲಿದ್ದು ಮುಂದಿನ ಓಣಿಯವರ ಕುಡಿಯುವ ನೀರು ಎಂದು ಅಪ್ಪ ಹೇಳುತ್ತಿದ್ದ. ಬಂದ್ ಮಾಡಿದ ಮೇಲೂ ಕೈ ಇನ್ನೊಂದು ಸಲ ತಾನಾಗಿ ಬಿಗಿಯುವಷ್ಟು ಅದು ನನಗೆ ರೂಢಿಯಾಗಿತ್ತು, ಇವತ್ತಿಗೂ ಹೋಗಿಲ್ಲ.

ಕೊನೆಗೆ ಅಪ್ಪ ಒಪ್ಪಿದ. ಒಪ್ಪಿದ ಮೇಲೆ ಅವನನ್ನು ಹಿಡಿಯುವವರಿಲ್ಲ. ನಳಕ್ಕೆ ಹಳೆಯ ಟವೆಲ್ ಸುತ್ತಿದ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದ, ಅಷ್ಟಾದರೂ ಸಮಾಧಾನವಾಗದೆ ಹುಬ್ಬಳ್ಳಿಯಲ್ಲಿ ಕೊಂಡು ತಂದಿದ್ದ ತನ್ನ ಕಂದು ಮಂಕಿ ಕ್ಯಾಪ್ ಎಳೆದು ತೊಡಿಸಿ, ಗಲ್ಲದ ಕೆಳಗೆ ದಾರ ಬಿಗಿದ. ದೂರದಿಂದ ನೋಡಿದರೆ ನಮ್ಮ ಗೋಡೆಯಿಂದ ಯಾರೋ ಗಿಡ್ಡ ಮುದುಕ ಇಣುಕುತ್ತಿದ್ದ ಹಾಗೆ ಕಾಣುತ್ತಿತ್ತು. ಪಕ್ಕದ ಮುದುಕಪ್ಪ ಬಿದ್ದು ಬಿದ್ದು ನಕ್ಕು, ಅವತ್ತಿನಿಂದ ಅಪ್ಪನನ್ನು ಗ್ಯಾಫರ್ ಎಂದು ಕರೆಯತೊಡಗಿದರು. ಆ ಕಡೆಯ ಕಾರ್ಖಾನೆಗಳಲ್ಲಿ ಮೇಸ್ತ್ರಿಗೆ ಹಾಗೆ ಅನ್ನುತ್ತಾರೆ.

ಆಮೇಲೆ ಇಬ್ಬರೂ ಸೇರಿ ನಮ್ಮ ಗೇಟಿನ ಮುಂದೆ ಫುಟ್‌ಪಾತಿನಲ್ಲಿದ್ದ ಅಂಗೈಯಗಲದ ಕಬ್ಬಿಣದ ಮುಚ್ಚಳ ಪತ್ತೆ ಮಾಡಿದರು. ಅದರ ಕೆಳಗೆ ಮೊಣಕೈ ಆಳದಲ್ಲಿ ನಮ್ಮ ಮನೆಯ ಇಡೀ ನೀರಿನ ವಾಲ್ವ್. ಅಪ್ಪ ಮೊಣಕಾಲೂರಿ ಚಮಚದಿಂದ ಕೆಸರು ಬಳಿದು ತೆಗೆದ. ಮುದುಕಪ್ಪ ತಮ್ಮ ಶೆಡ್ಡಿನಿಂದ ಟಿ ಆಕಾರದ ಉದ್ದನೆಯ ಕೀಲಿ ತಂದು ಅಪ್ಪನ ಕೈಗೆ ಇಟ್ಟರು. ಅದು ಊರಿನ ಕೀಲಿಯ ಅರ್ಧವೂ ಇರಲಿಲ್ಲ. ಆದರೂ ಅದನ್ನು ಹಿಡಿದಾಗ ಅಪ್ಪನ ಬೆನ್ನು ನೆಟ್ಟಗಾಯಿತು. ಕೀಲಿಯನ್ನು ತಂದು ಹಾಲಿನ ಬಾಗಿಲ ಪಕ್ಕ ತೂಗುತ್ತಿದ್ದ ಕೋಟುಗಳ ಹಿಂದೆ ನಿಲ್ಲಿಸಿದ. ವಾಪಸು ಹೋಗುವ ಮಾತು ನಿಂತುಹೋಯಿತು. “ಬೀದಿ ವಾಲ್ವ್ ಮುಟ್ಟಬ್ಯಾಡ, ಯಾರರೆ ನೋಡ್ತಾರ” ಎಂದು ನಾನು ಗದರಿದೆ. ಯಾರಾದರೂ ಎಂದರೆ ಯಾರು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಡುಗೆಮನೆಯ ಸಿಂಕಿನ ಕೆಳಗೆ, ಒಳಗಿನಿಂದಲೇ ಇಡೀ ಮನೆಯ ನೀರು ಬಂದ್ ಮಾಡುವ ಸ್ಟಾಪ್‌ಕಾಕ್ ತುಕ್ಕು ಹಿಡಿದು ಕೂತಿದೆ, ಎಣ್ಣೆ ಬಿಡುತ್ತೇನೆ ಎಂದು ಅಪ್ಪ ಹೇಳಿದಾಗಲೂ ಬೇಡ ಎಂದೆ.

ಸಂಕ್ರಾಂತಿಯ ಊಟ ಆ ಸಲ ನಮ್ಮ ಮನೆಯ ಸರದಿ. ಜನವರಿಯ ಒಂದು ಭಾನುವಾರ. ವಿದನ್‌ಶಾದಿಂದ ಒಂದು ಕುಟುಂಬ, ಲಫ್‌ಬರೋದಿಂದ ಓದುವ ಹುಡುಗಿಯರು ಇಬ್ಬರು, ಬರ್ಮಿಂಗ್‌ಹ್ಯಾಮಿನವರು, ಮತ್ತು ಮೈಸೂರು ಆಂಟಿ. ಒಟ್ಟು ಇಪ್ಪತ್ತು ಜನ. ಶನಿವಾರ ಮಧ್ಯಾಹ್ನ ಬಳಗದ ಬೋಗುಣಿಗಳು ನಮ್ಮ ಮನೆ ತಲುಪಿದವು, ಹೋದ ಹಬ್ಬದ ಜಿಡ್ಡಿನ ಸಮೇತ. ಅಪ್ಪ ಒಳಗೆ ಶೇಂಗಾ ಹುರಿಯುತ್ತಿದ್ದ. ನಾನು ಹಿತ್ತಲಿಗೆ ಬಂದೆ.

ಅಲ್ಲಿ ನಿಂತು ಆ ಮಂಕಿ ಕ್ಯಾಪ್ ನೋಡಿದೆ. ಅಡುಗೆಮನೆಯ ಕಿಟಕಿಯಿಂದ ನೇರವಾಗಿ ಕಾಣುತ್ತಿತ್ತು. ನಾಳೆ ಆಂಟಿ ಇದೇ ಕಿಟಕಿಯ ಮುಂದೆ ನಿಲ್ಲುತ್ತಾರೆ, ಚೀಫ್ ಇಂಜಿನಿಯರ್ ಸಾಹೇಬ್ರ ವಿನ್ಯಾಸವೇನಮ್ಮಾ ಇದು ಎನ್ನುತ್ತಾರೆ ಎಂದು ಅನ್ನಿಸಿ ಮೈಯೆಲ್ಲ ಉರಿಯಿತು. ಕ್ಯಾಪ್ ಕಿತ್ತೆ, ಟವೆಲ್ ಕಿತ್ತೆ, ಎಲ್ಲವನ್ನೂ ಮಷೀನಿನೊಳಗೆ ತುರುಕಿದೆ. ಒಳಗಿನ ಪುಟ್ಟ ವಾಲ್ವ್ ಕೈಗೆ ಬಗ್ಗಲಿಲ್ಲ. ಇಕ್ಕಳ ಹಾಕಿ ಎಳೆದೆ. ವಾಲ್ವ್ ತೆರೆದುಕೊಂಡಿತು, ಅದರ ಹಿಡಿ ಮುರಿದು ಮಷೀನಿನ ಹಿಂದೆ ಬಿತ್ತು. ಬೋಗುಣಿ ತೊಳೆದೆ, ಕೈ ಮರಗಟ್ಟಿತು, ಹೊರಗಿನ ನಳವನ್ನು ನಮ್ಮ ಮನೆಯ ರೂಢಿಯಂತೆ ಒಂದಕ್ಕೆ ಎರಡು ಸಲ ಬಿಗಿದು ಬಂದ್ ಮಾಡಿದೆ. ಒಳಗಿನ ವಾಲ್ವ್ ಬಂದ್ ಮಾಡಲು ಹಿಡಿಯೇ ಇರಲಿಲ್ಲ. ಒಂದು ರಾತ್ರಿಯಲ್ಲಿ ಏನು ಮಹಾ ಆಗುತ್ತದೆ ಎಂದುಕೊಂಡೆ. ಕತ್ತಲಾಗುವ ಹೊತ್ತಿಗೆ ಅಪ್ಪ ದಿನದ ಹಾಗೆ ನಳ ನೋಡಿ ಬರಲು ಎದ್ದಾಗ, “ನಾ ಎಲ್ಲಾ ಬಂದ್ ಮಾಡಿ ಬಂದೇನಿ, ನೀ ಕುಂದರು” ಎಂದೆ.

“ಡಾಕ್ಟರ್ ಹೇಳಿದ ಮ್ಯಾಲೆ ಆತು” ಎಂದು ಕೂತ.

ಭಾನುವಾರ ಬೆಳಿಗ್ಗೆ ಅಂಗಳ ಗಾಜಿನಂತೆ ಹೊಳೆಯುತ್ತಿತ್ತು. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನನ್ನ ಗಂಡನ ಟೈ ಕೇಳಿ ಪಡೆದು ಕಟ್ಟಿಸಿಕೊಂಡು ಹಾಲಿನ ಸೋಫಾದಲ್ಲಿ ಕೂತ. ಟೈ ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಎಲ್ಲರೂ ಬಂದರು. ಮುಂದಿನ ಬಾಗಿಲ ಬಳಿ ಜಾಗ ಸಾಲದೆ ಇಪ್ಪತ್ತು ಜೊತೆ ಬೂಟು ಚಪ್ಪಲಿಗಳನ್ನು ಮಷೀನ್ ಕೋಣೆಯಲ್ಲಿ ಸಾಲಾಗಿ ಇಟ್ಟೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟ ಜೋರಾಗಿ ನಡೆಯಿತು. ಓವನ್ ಉರಿಯುತ್ತಿತ್ತು, ಜನ ಓಡಾಡುತ್ತಿದ್ದರು, ಮಷೀನ್ ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗೆ ಬಿಸಿಲು ಬಂತು. ಅಂದರೆ ರಾತ್ರಿಯೇ ಸೀಳಿದ್ದ ಪೈಪಿನೊಳಗೆ ಬಿರಡೆಯ ಹಾಗೆ ಕೂತಿದ್ದ ಮಂಜುಗಡ್ಡೆ ಕರಗುವುದಕ್ಕೆ ನಾವೇ ಎಲ್ಲ ಏರ್ಪಾಡು ಮಾಡಿದ್ದೆವು.

ಫಟ್ ಎಂದು ಸದ್ದಾಯಿತು. ಆಮೇಲೆ ಪ್ಲಾಸ್ಟಿಕ್ ಸೂರಿನ ಮೇಲೆ ಮಳೆ ಹೊಡೆದ ಹಾಗೆ ಸದ್ದು. ನನ್ನ ಗಂಡ ಓಡಿ ಹೋಗಿ ನೋಡಿ “ಅಯ್ಯೋ ಶೂಗಳು!” ಎಂದು ಕೂಗಿದ. ಪೈಪಿನ ಸೀಳಿನಿಂದ ನೀರು ಸೂರಿಗೆ ಚಿಮ್ಮುತ್ತಿತ್ತು. ನಾನು ಬಗ್ಗಿ ನೋಡುವಷ್ಟರಲ್ಲಿ ವಿದನ್‌ಶಾದವರ ಒಂದು ಬೂಟು ಅಡುಗೆಮನೆಯ ಹೊಸ್ತಿಲು ದಾಟಿ ತೇಲಿಕೊಂಡು ಒಳಗೆ ಬಂತು, ಅದರ ಹಿಂದೆ ಆಂಟಿಯ ಚಿನ್ನದ ಬಣ್ಣದ ಚಪ್ಪಲಿ. ಗಂಡ ಸಿಂಕಿನ ಕೆಳಗೆ ನುಗ್ಗಿ ಸ್ಟಾಪ್‌ಕಾಕ್ ಹಿಡಿದು ಹೆಣಗಿದ, ಅದು ಮಿಸುಕಲಿಲ್ಲ. ಮನೆಯಲ್ಲಿ ಒಂಬತ್ತು ಜನ ಡಾಕ್ಟರುಗಳಿದ್ದರು. ರಕ್ತ ನಿಲ್ಲಿಸು ಅಂದರೆ ಒಂಬತ್ತು ಜನಕ್ಕೂ ಬರುತ್ತದೆ. ನೀರು ನಿಲ್ಲಿಸುವುದು ಹೇಗೆ ಎಂದು ಒಬ್ಬರಿಗೂ ತಿಳಿಯದೆ ಒಬ್ಬರ ಮೇಲೊಬ್ಬರು ಸಲಹೆ ಕೊಡುತ್ತಿದ್ದರು. ಒಬ್ಬರು ಒತ್ತಿ ಹಿಡೀರಿ ಎಂದರು, ಒಬ್ಬರು ಬಟ್ಟೆ ಕಟ್ಟಿ ಎಂದರು.

“ಇಂಜಿನಿಯರ್ ಸಾಹೇಬ್ರೇ, ನೀವಾದ್ರೂ ಏನಾದ್ರೂ ಹೇಳಿ!” ಎಂದು ಆಂಟಿ ಹಾಲಿನ ಕಡೆ ತಿರುಗಿ ಕೂಗಿದರು.

ನಾನೂ ತಿರುಗಿದೆ. ಅಪ್ಪ ಸೋಫಾದಲ್ಲೇ ಕೂತಿದ್ದ. ಕೊರಳಲ್ಲಿ ಟೈ, ತೊಡೆಯ ಮೇಲೆ ತಟ್ಟೆ. “ಪ್ಲಂಬರಗ ಫೋನ್ ಮಾಡ್ರಿ” ಎಂದ, ನೆಲ ನೋಡುತ್ತ. ಆದರೆ ಅವನ ಬಲಗೈ ತಟ್ಟೆಯ ಅಂಚು ಹಿಡಿದು ತಿರುವುತ್ತಿತ್ತು. ಬಲಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ. ತಟ್ಟೆಯಲ್ಲಿದ್ದ ಹೋಳಿಗೆಯೂ ಅದರ ಜೊತೆ ಸುತ್ತುತ್ತಿತ್ತು. ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೋಟುಗಳ ಹಿಂದೆ, ಆ ಕೀಲಿ ನಿಂತಿತ್ತು. ಅವನು ತಲೆ ಎತ್ತಿ ನನ್ನನ್ನು ನೋಡಿದ. ದೀಪಾವಳಿಯ ದಿನ ನೋಡಿದ ಹಾಗೆಯೇ.

ಆಗ ನನಗೆ ಗೊತ್ತಾಯಿತು. ಎರಡು ನಿಮಿಷದ ಕೆಲಸವನ್ನು ಬಿಟ್ಟು ಅವನು ಕೂತಿದ್ದದ್ದು ನನಗೋಸ್ಕರ. ಮನೆ ಮುಳುಗಿದರೂ ಸರಿ, ಮಗಳ ಮಾತು ಮುಳುಗಬಾರದು ಎಂದು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ, ಅಷ್ಟು ಸಿಟ್ಟೂ ಬಂದಿರಲಿಲ್ಲ, ಎರಡೂ ನನ್ನ ಮೇಲೆಯೇ.

“ಅಪ್ಪಾ!” ಎಂದು ಕಿರುಚಿದೆ. “ಏಳು! ಹೋಗಿ ಬೀದಿ ವಾಲ್ವ್ ಬಂದ್ ಮಾಡು!” ಎಲ್ಲರೂ ನನ್ನ ಕಡೆ ನೋಡಿದರು. ಆಂಟಿಯ ಮುಖ ನೋಡಿಕೊಂಡೇ ಹೇಳಿದೆ: “ನಮ್ಮಪ್ಪ ಇಂಜಿನಿಯರ್ ಅಲ್ರೀ ಆಂಟಿ. ವಾಲ್‌ಮನ್. ಇಪ್ಪತ್ತೆಂಟು ವರ್ಷ ಇಡೀ ಊರಿಗೆ ನೀರು ಬಿಟ್ಟೋರು. ನಾನೇ ಸುಳ್ಳು ಹೇಳಿದ್ದೆ.”

ಅಪ್ಪ ಎದ್ದ. ಅವನು ಎದ್ದ ರೀತಿಯನ್ನು ನಾನು ಮರೆಯಲಾರೆ. ತಟ್ಟೆಯನ್ನು ಲಫ್‌ಬರೋದ ಒಬ್ಬ ಹುಡುಗಿಯ ಕೈಗೆ ಕೊಟ್ಟ, ಟೈಯನ್ನು ಹೆಗಲ ಹಿಂದಕ್ಕೆ ಎಸೆದ, ಕೀಲಿ ಎಳೆದುಕೊಂಡು ಬರಿ ಕಾಲುಚೀಲದಲ್ಲೇ ಹೊರಗೆ ಹೋದ. ಅರವತ್ತೆರಡರ ಮುದುಕ ಮಂಜಿನ ಮೇಲೆ ಒಂದು ಸಲವೂ ಜಾರಲಿಲ್ಲ. ಮುಚ್ಚಳದ ಮೇಲೆ ಯಾವಾಗಲೋ ಗೋಣಿಚೀಲ ಹಾಸಿ ಇಟ್ಟಿದ್ದ, ಅದನ್ನು ಒದ್ದು ಸರಿಸಿದ, ಕೀಲಿ ಇಳಿಸಿದ, ತಿರುವಿದ. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಸೂರಿಗೆ ಬಡಿಯುತ್ತಿದ್ದ ಸದ್ದು ತಗ್ಗಿತು, ತೊಟ್ಟಿಕ್ಕಿತು, ನಿಂತಿತು. ಪಕ್ಕದ ಮನೆಯ ಬಾಗಿಲಿನಿಂದ ಮುದುಕಪ್ಪ ಹೊರಗೆ ಬಂದು “ಗ್ಯಾಫರ್!” ಎಂದು ಕೂಗಿ ಹೆಬ್ಬೆರಳು ಎತ್ತಿದರು.

ಆಮೇಲೆ ಅಪ್ಪ ಒಳಗೆ ಬಂದು ಎಲ್ಲರಿಗೂ ಕೆಲಸ ಹಚ್ಚಿದ. ಈಗ ಮನೆಯ ಒಡೆಯ ಅವನೇ ಆಗಿದ್ದ. ಕನ್ಸಲ್ಟೆಂಟ್ ಡಾಕ್ಟರುಗಳು ಬಕೆಟ್ ಹಿಡಿದರು, ಅನಸ್ತೀಸಿಯಾದವರು ಒರೆಸುವ ಬಟ್ಟೆ ಹಿಂಡಿದರು. ನಮ್ಮ ಮನೆಯ ಒಂದೊಂದು ರೇಡಿಯೇಟರಿನ ಮೇಲೂ ಬೂಟುಗಳು ಸಾಲಾಗಿ ಕೂತು ಹಬೆಯಾಡಿದವು. ಮನೆ ತುಂಬ ಒದ್ದೆ ಚರ್ಮದ ವಾಸನೆ, ಅದರ ಮೇಲೆ ಎಳ್ಳಿನ ವಾಸನೆ. ಕೊನೆಗೆ ಆಂಟಿ ತಮ್ಮ ಒದ್ದೆ ಚಪ್ಪಲಿ ಹಿಡಿದುಕೊಂಡು ಅಪ್ಪನ ಬಳಿ ಬಂದರು.

“ನೋಡಿ, ನಮ್ಮನೇಲಿ ಇಪ್ಪತ್ತು ವರ್ಷದಿಂದ ಇದೀವಿ. ಆ ವಾಲ್ವ್ ಎಲ್ಲಿದೆ ಅಂತ ನಮ್ಮೆಜಮಾನ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಒಂದಿನ ಬಂದು ನೋಡ್ತೀರಾ?”

“ಬರ್ತೇನ್ರೀ” ಎಂದ ಅಪ್ಪ. “ಹಳೇ ಟೊಪ್ಪಿಗಿ ಒಂದು ತಗದಿಡ್ರಿ.”

ಪಕ್ಕದ ಮುದುಕಪ್ಪ ಉಪಕರಣದ ಪೆಟ್ಟಿಗೆ ತಂದು, ಸೀಳಿದ ತುಂಡನ್ನೂ ನಾನು ಹಿಡಿ ಮುರಿದ ವಾಲ್ವನ್ನೂ ಕತ್ತರಿಸಿ ತೆಗೆದು, ಪೈಪಿನ ಬಾಯಿಗೆ ಹಿತ್ತಾಳೆಯ ಮುಚ್ಚಳ ಬಿಗಿಯತೊಡಗಿದರು. ಅದು ಮುಗಿಯುವ ತನಕ ಅಪ್ಪ ಕೀಲಿ ಊರಿಕೊಂಡು ಗೇಟಿನ ಬಳಿ ನಿಂತಿದ್ದ. ನಾನು ಅವನ ಒದ್ದೆ ಕಾಲುಚೀಲ ಬಿಚ್ಚಿಸಿ, ಒಣಗಿದ್ದು ಹಾಕಿಸಿ, ಗಂಡನ ಬೂಟು ತೊಡಿಸಿದೆ.

“ಯಾಕಪ್ಪಾ ಸುಮ್ನ ಕುಂತಿದ್ದಿ?” ಎಂದೆ.

“ಇಂಜಿನಿಯರ್ ಆದಾಂವ ಹಂಗ ಓಡಿ ಬರೂದಿಲ್ಲವ್ವಾ. ನಾ ಬಾಳ ಮಂದಿ ಇಂಜಿನಿಯರನ್ನ ನೋಡೇನಿ. ಪೈಪ್ ಒಡದ್ರೂ ಕುಂತಲ್ಲೇ ಕುಂದರತಾರ.”

ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಿಲ್ಲ.

“ನಿನ್ನೆ ಎಲ್ಲಾ ಬಂದ್ ಮಾಡೇನಿ ಅಂದಿದ್ದಿ” ಎಂದ ಅಪ್ಪ.

“ಸುಳ್ಳ ಹೇಳಿದ್ದೆ.”

“ಅದೂನೂ?” ಎಂದು ಹುಬ್ಬೇರಿಸಿದ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟ, ತಣ್ಣಗೆ ಕೊರೆಯುತ್ತಿದ್ದ ಕೈ. “ಹೋಗ್ಲಿ ಬಿಡು. ನನ್ನ ಟೊಪ್ಪಿಗಿ ಎಲ್ಲಿಟ್ಟಿ ಅದನ್ನರೆ ಹೇಳು.”

ಒಳಗಿನಿಂದ ಮುದುಕಪ್ಪ ಆಯಿತು ಎಂದು ಕೂಗಿದರು. ಅಪ್ಪ ಕೀಲಿಯನ್ನು ಗುಂಡಿಗೆ ಇಳಿಸಿ, ಎರಡೂ ಕೈಯಿಂದ ಹಿಡಿದು, ಊರಿನಲ್ಲಿ ಓಣಿಯ ತಲೆಯಲ್ಲಿ ನಿಂತು ಕೇಳುತ್ತಿದ್ದ ದನಿಯಲ್ಲೇ ಕೇಳಿದ: “ನಳಾ ಬಿಡ್ಲೇನವ್ವಾ?”

“ಬಿಡಪ್ಪಾ” ಎಂದು ನಾನು ಅಡುಗೆಮನೆಗೆ ಓಡಿದೆ. ಸಿಂಕಿನ ನಳ ತೆರೆದು ಕಾದೆ. ಅದು ಮೊದಲು ಬರೀ ಗಾಳಿ ಉಸಿರಿತು. ಕೆಮ್ಮಿತು. ಸೀನಿತು. ಕೆಂಪಗೆ ಒಂದು ಗುಟುಕು ಉಗುಳಿ ನನ್ನ ಹಬ್ಬದ ಸೀರೆಗೆ ಸಿಡಿಸಿತು. ಆಮೇಲೆ ಧೋ ಎಂದು ಬಂತು. ಹಾಲಿನ ತುಂಬ ಜನ, ರೇಡಿಯೇಟರ್ ತುಂಬ ಬೂಟು, ಎಲ್ಲರ ನಡುವೆ ಹಾದು ಬಾಗಿಲಿಗೆ ಬಂದೆ. ಮೂವತ್ತು ವರ್ಷ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದ ಕೂಗನ್ನು, ಆ ಇಂಗ್ಲಿಷ್ ಬೀದಿಯ ಎರಡೂ ತುದಿಗೆ ಕೇಳುವ ಹಾಗೆ, ಗಂಟಲು ಬಿಚ್ಚಿ ಕೂಗಿದೆ:

“ನಳಾ ಬಂದಾವು!”